ತೀರಿಹೋದ ಅಜ್ಜನ ಬಗ್ಗೆ ಮನೆಯಲ್ಲಿ ಮೂರು ಮಾತು: ಪುಸ್ತಿಕೆಯಲ್ಲಿ ಯಾವುದನ್ನು ಬರೆಯಲಿ?

ತೋಟದಾಚೆಯವನು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ನಮ್ಮ ಅಜ್ಜ 1925ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷವಾದ ನೆನಪಿಗೆ ಮನೆಮಂದಿಯೆಲ್ಲ ಸೇರಿ ನಲವತ್ತು ಪುಟದ ಒಂದು ಪುಸ್ತಿಕೆ ತರಬೇಕೆಂದು ನಿಶ್ಚಯಿಸಿ, ಬರೆಯುವ ಕೆಲಸವನ್ನು ನನಗೆ ವಹಿಸಿದ್ದಾರೆ. ಬಾಲ್ಯ, ಮದುವೆ, ತೋಟ, ಯಕ್ಷಗಾನದ ಹುಚ್ಚು ಇವೆಲ್ಲವನ್ನೂ ಸರಾಗವಾಗಿ ಬರೆದೆ. 1976ಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಆ ವರ್ಷದ ಮಳೆಗಾಲದಲ್ಲಿ ನಾವು ಗೇಣಿಗೆ ಕೊಟ್ಟಿದ್ದ ಗದ್ದೆಗಳ ವಿಚಾರಣೆ, ಉಳುವವರ ಹಕ್ಕನ್ನು ತೀರ್ಮಾನಿಸುವ ಭೂನ್ಯಾಯಮಂಡಳಿಯ ಮುಂದೆ ನಡೆದು, ಗದ್ದೆಗಳು ಉಳುತ್ತಿದ್ದವರ ಪಾಲಾದವು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ದಿನ ಅಜ್ಜ ಹೇಗೆ ನಡೆದುಕೊಂಡರು ಎಂಬುದರಲ್ಲಿ ಮಾತ್ರ ಮನೆ ಮೂರು ಪಾಲಾಗಿದೆ. ಈಗ ಎಪ್ಪತ್ತೆಂಟು ವರ್ಷದ ದೊಡ್ಡಪ್ಪನ ಪ್ರಕಾರ ಅಜ್ಜ ಮಂಡಳಿಯ ಮುಂದೆ ನಿಂತು, ಉತ್ತವನಿಗೇ ಸಲ್ಲಬೇಕು ಎಂದು ಹೇಳಿ ಮನಸಾರೆ ಬಿಟ್ಟುಕೊಟ್ಟರು. ಎಪ್ಪತ್ತೊಂದರ ಸೋದರತ್ತೆಯ ಪ್ರಕಾರ ಅಜ್ಜ ಅಂದು ಸಂಜೆ ಬಂದವರೇ ಒದ್ದೆ ಕೊಡೆಯನ್ನು ಮಡಚದೆ ಜಗಲಿಯಲ್ಲಿ ಕುಳಿತರು, ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ, ಮೂರು ದಿನ ತೋಟದ ಕಡೆ ಕಾಲಿಡಲಿಲ್ಲ. ಚಿಕ್ಕಪ್ಪನಿಗೆ ಆಗ ಹದಿನಾಲ್ಕು ವರ್ಷ. ಅಜ್ಜನ ಜೊತೆ ಸಾಗರಕ್ಕೆ ಹೋಗಿದ್ದವರು ಅವರೊಬ್ಬರೇ. ಅಜ್ಜ ಮತ್ತು ಗೇಣಿದಾರರು ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತು ಮರಳಿದರು, ಮೂವರ ಟಿಕೆಟನ್ನೂ ಗೇಣಿದಾರರೇ ತೆಗೆದರು ಎಂಬುದು ಅವರ ನೆನಪು.

ಕಳೆದ ವಾರ ಈ ಮೂರನ್ನೂ ಒಂದೇ ಜಗಲಿಯಲ್ಲಿ ಕೇಳಿದೆ. ದೊಡ್ಡಪ್ಪ ಎದ್ದು ಹೋದರು. ಅತ್ತೆ ಅತ್ತರು. ನಾನು ಯಾವುದನ್ನು ಬರೆಯಲಿ? ನಮ್ಮ ತಂದೆ ಈಗಿಲ್ಲ, ಇದ್ದಿದ್ದರೆ ಅವರನ್ನಾದರೂ ಕೇಳುತ್ತಿದ್ದೆ.

ನೇತ್ರಾವತಿ ತೀರ

ಹಿರಿಯ ಮಗನ ಮಾತನ್ನು ಬರೆಯಿರಿ, ಉಳಿದದ್ದನ್ನು ಮನೆಯೊಳಗೇ ಇಟ್ಟುಕೊಳ್ಳಿ.

ಹಿರಿಯ ಸೊಸೆ

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಹಿರಿಯ ಮಗ ಆ ದಿನ ಮನೆಯಲ್ಲಿದ್ದರೇ ಎಂಬುದನ್ನು ಮೊದಲು ಕೇಳಬೇಕು. ನಮ್ಮ ಹಳ್ಳಿ ಮನೆಗಳಲ್ಲಿ ದೊಡ್ಡ ಗಂಡುಮಕ್ಕಳು ಓದು, ಉದ್ಯೋಗ ಎಂದು ಊರು ಬಿಟ್ಟಿರುತ್ತಿದ್ದರು. ಮದುವೆಯಾಗದ ಹೆಣ್ಣುಮಕ್ಕಳು ಒಳಮನೆಯಿಂದ ಎಲ್ಲವನ್ನೂ ಕಾಣುತ್ತಿದ್ದರು. ಮಜ್ಜಿಗೆಯ ಲೋಟ ಮುಟ್ಟದೆ ಉಳಿಯಿತೆಂಬುದು ಅದನ್ನು ತಂದಿಟ್ಟು, ಮತ್ತೆ ಎತ್ತಿಕೊಂಡು ಹೋದವರಿಗಷ್ಟೇ ನೆನಪಿರುವ ಸಂಗತಿ.

ತೋಟದಾಚೆಯವನು

ನಿಮ್ಮ ಊಹೆ ಸರಿಯಾಗಿದೆ. ದೊಡ್ಡಪ್ಪ ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದರು, ದೀಪಾವಳಿಗೆ ಬಂದಾಗ ಅಜ್ಜನೇ ಅವರಿಗೆ ಹೇಳಿದರಂತೆ. ಅತ್ತೆಗೆ ಆಗ ಇಪ್ಪತ್ತೆರಡು, ಮರುವರ್ಷ ಅವರ ಮದುವೆಯಾಯಿತು.

ಹಳೆಯ ಶಿರಸ್ತೇದಾರ

ನಾನು ಕಂದಾಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನೀವು ಯಾವ ನೆನಪನ್ನು ಆರಿಸಿಕೊಂಡರೂ ಒಂದು ಪದವನ್ನು ತಿದ್ದಲೇಬೇಕಾಗುತ್ತದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗಲೇ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು, ಅಂದರೆ ಸರ್ಕಾರದ ಸ್ವತ್ತಾದವು. ಆದ್ದರಿಂದ 1976ರಲ್ಲಿ ನಿಮ್ಮ ಅಜ್ಜ ಗದ್ದೆಯನ್ನು ಕೊಟ್ಟರು ಎನ್ನಲು ಬರುವುದಿಲ್ಲ, ಕಾನೂನಿನ ದೃಷ್ಟಿಯಲ್ಲಿ ಕೊಡುವುದಕ್ಕೆ ಅವರಲ್ಲಿ ಏನೂ ಉಳಿದಿರಲಿಲ್ಲ. ಅವರ ಕೈಯಲ್ಲಿದ್ದುದು ಒಂದೇ ಸಂಗತಿ: ಈತ ನನ್ನ ಗೇಣಿದಾರನೆಂದು ಒಪ್ಪಬಹುದಿತ್ತು, ಇಲ್ಲವೇ ಈತ ಬರೇ ಕೂಲಿಯಾಳು ಎಂದು ತಕರಾರು ಹೂಡಬಹುದಿತ್ತು. ಹಾಗೆ ತಕರಾರು ಹೂಡಿದ ಒಡೆಯರನ್ನು ನಾನು ಸಾಕಷ್ಟು ನೋಡಿದ್ದೇನೆ, ಏಕೆಂದರೆ ಕೂಲಿಗಾಗಿ ದುಡಿಯುವವನು ಗೇಣಿದಾರನಾಗುವುದಿಲ್ಲವೆಂದು ಕಾಯ್ದೆಯೇ ಹೇಳುತ್ತದೆ.

ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕುತ್ತಿದ್ದರು. ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಒಡೆಯರು ಮತ್ತು ಗೇಣಿದಾರರು ಎದುರುಬದುರು ನಿಂತು ತಮ್ಮ ಬಾಯಿಂದಲೇ ಹೇಳಿಕೆ ಕೊಡಬೇಕಿತ್ತು. ಆ ಹೇಳಿಕೆಗಳನ್ನು ಬರೆದುಕೊಂಡು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಲಾಗುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಹಳೆಯ ಕೈಬರಹದ ಪಹಣಿಗಳಲ್ಲಿ ಸಾಗುವಳಿದಾರರ ಕಾಲಂ ನೋಡುವುದನ್ನೂ ಮರೆಯಬೇಡಿ. ಜಗಲಿಯಲ್ಲಿ ಮೂವರು ಜಗಳವಾಡುವ ಬದಲು ಅಜ್ಜನ ಸಹಿಯಿರುವ ಕಾಗದವನ್ನೇ ಓದಬಹುದಲ್ಲ.

ಪುತ್ತೂರಿನವಳು

ಕಾಗದ ಎಲ್ಲವನ್ನೂ ಹೇಳುತ್ತದೆಯೇ ಶಿರಸ್ತೇದಾರರೇ? ನಮ್ಮದು ದಕ್ಷಿಣ ಕನ್ನಡ, ನಾವು ಚಾಲಗೇಣಿ (ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲಿನವರು. ನಮ್ಮ ಅಜ್ಜ ಡಿಕ್ಲರೇಷನ್, ಅಂದರೆ ಗೇಣಿ ಹಕ್ಕಿನ ಅರ್ಜಿ, ಕೊಟ್ಟ ದಿನ ಧಣಿಗಳು ಯಾವ ತಕರಾರನ್ನೂ ಮಾಡದೆ ಸಹಿ ಹಾಕಿದರೆಂದು ಕಡತದಲ್ಲಿದೆ. ಆದರೆ ಅದಕ್ಕೂ ಮೊದಲಿನ ಆರು ತಿಂಗಳು ಅಜ್ಜನ ಮನೆಗೆ ಬಾವಿಯ ನೀರು ಬಿಡದಂತೆ ಮಾಡಿದ್ದು ಯಾವ ಕಾಗದದಲ್ಲೂ ಇಲ್ಲ. ಅದನ್ನು ನನ್ನ ಅಜ್ಜಿ ಹೇಳಿದ್ದರಿಂದಷ್ಟೇ ನಮಗೆ ಗೊತ್ತು. ಧಣಿಗಳ ಮನೆಯ ಮಕ್ಕಳನ್ನು ಕೇಳಿದರೆ ಅವರ ಅಪ್ಪ ದೇವರಂಥ ಮನುಷ್ಯ, ಎಲ್ಲವನ್ನೂ ನಗುನಗುತ್ತಾ ಬಿಟ್ಟುಕೊಟ್ಟರು ಎನ್ನುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಅಪ್ಪ ಹೇಳಿದ್ದು ಅಷ್ಟೇ.

ದೂರದೂರಿನ ಕನ್ನಡಿಗ

ನಾನು ಅಮೆರಿಕದಲ್ಲಿದ್ದೇನೆ. ನಮ್ಮ ಅಜ್ಜನ ಬಗ್ಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇಂಥದೇ ಒಂದು ಚರ್ಚೆ ಶುರುವಾಗಿ, ಇಬ್ಬರು ಚಿಕ್ಕಪ್ಪಂದಿರು ಈಗ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು. ದಯವಿಟ್ಟು 1976ನ್ನು ಒಂದು ಸಾಲಿನಲ್ಲಿ ದಾಟಿಬಿಡಿ.

ಇತಿಹಾಸದ ಮೇಷ್ಟ್ರು

ಒಂದು ಸಾಲಿನಲ್ಲಿ ದಾಟಿಬಿಡಿ ಎನ್ನುವ ಸಲಹೆಯೇ ನಮ್ಮ ಊರುಗಳ ಇತಿಹಾಸವನ್ನು ನುಂಗಿಹಾಕಿದೆ. ನೆನಪು ತಪ್ಪಾಗಿದ್ದರೂ ಅದು ವ್ಯರ್ಥವಲ್ಲ. ಇಟಲಿಯ ತೆರ್ನಿ ಎಂಬ ಉಕ್ಕಿನ ಊರಿನಲ್ಲಿ ಲೂಯಿಜಿ ತ್ರಸ್ತುಲಿ ಎಂಬ ಯುವ ಕಾರ್ಮಿಕ 1949ರ ಮಾರ್ಚ್‌ನಲ್ಲಿ ಪ್ರತಿಭಟನೆಯೊಂದರಲ್ಲಿ ಪೊಲೀಸರ ಕೈಯಲ್ಲಿ ಸತ್ತ. ದಶಕಗಳ ನಂತರ ಊರಿನ ಅನೇಕರು ಆ ಸಾವನ್ನು 1953ರಲ್ಲಿ, ಕಾರ್ಖಾನೆ ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ನಡೆದ ಗಲಭೆಗೆ ಸೇರಿಸಿ ಹೇಳುತ್ತಿದ್ದರು. ತಮ್ಮ ಬದುಕು ಮುರಿದ ವರ್ಷದ ಜೊತೆಗೇ ಆ ಸಾವು ಸೇರಬೇಕೆಂದು ಅವರ ಮನಸ್ಸು ಬಯಸಿತ್ತು. ನಿಮ್ಮ ದೊಡ್ಡಪ್ಪನ ನೆನಪನ್ನೂ ಹೀಗೆ ಓದಬಹುದು. ದೀಪಾವಳಿಗೆ ಬಂದ ಮಗನ ಮುಂದೆ ಅಜ್ಜ ತಮ್ಮನ್ನು ಹೇಗೆ ಕಾಣಿಸಿಕೊಳ್ಳಬಯಸಿದರು ಎಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಮಾತು. ನಿಮ್ಮದು ಸಾಗರ ತಾಲ್ಲೂಕು ಎಂದಿರಿ. ಹಾಗಾದರೆ 1976ರಿಂದ ಏಕೆ ಆರಂಭಿಸುತ್ತೀರಿ? 1951ರಲ್ಲಿ ನಿಮ್ಮ ಅಜ್ಜನಿಗೆ ಇಪ್ಪತ್ತಾರು ವರ್ಷ. ಆ ವರ್ಷ ನಿಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ನೇತೃತ್ವ ಕೊಟ್ಟರು, ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಜಗಳ ಹೊತ್ತಿಕೊಂಡಿದ್ದು ಗೇಣಿಯ ಭತ್ತ ಅಳೆಯುವ ಪಾತ್ರೆಯಾದ ಕೊಳಗದ ಮೇಲೆ, ಒಡೆಯರ ಕೊಳಗ ಅಳತೆಗಿಂತ ದೊಡ್ಡದು ಎಂಬ ದೂರಿನ ಮೇಲೆ. ನಿಮ್ಮ ಮನೆಯಲ್ಲಿ ಆ ಬಗ್ಗೆ ಯಾರೂ ಏನೂ ಹೇಳಿಲ್ಲವೇ?

ತೋಟದಾಚೆಯವನು

ಮೇಷ್ಟ್ರೇ, ಮೊದಲ ಸಲ ಬರೆಯುವಾಗ ನಾನು ಅದನ್ನು ಬೇಕೆಂದೇ ಬಿಟ್ಟಿದ್ದೆ. ದೊಡ್ಡಪ್ಪ ಎದ್ದು ಹೋಗಿದ್ದು ಮಜ್ಜಿಗೆಯ ಮಾತಿಗಲ್ಲ. ಅತ್ತೆ ಮಾತಿನ ಮಧ್ಯೆ, ಅಟ್ಟದಲ್ಲಿ ಎರಡು ಕೊಳಗಗಳಿವೆ, ಒಂದು ಕೊಡುವುದಕ್ಕೆ, ಒಂದು ಪಡೆಯುವುದಕ್ಕೆ, ಎಂದುಬಿಟ್ಟರು. ತಮ್ಮ ಅಪ್ಪ ಅಂಥವರಲ್ಲ ಎಂದು ದೊಡ್ಡಪ್ಪ ಕೂಗಿದರು. ದೊಡ್ಡ ಕೊಳಗ ಮನೆಯ ಬೀಜದ ಭತ್ತ ಅಳೆಯುವುದಕ್ಕಾಗಿ ಇತ್ತು ಎಂಬುದು ಅವರ ವಾದ.

ಎರಡೂ ಈಗ ನನ್ನ ಮುಂದಿವೆ. ಮರದವು, ಬಾಯಿಗೆ ಹಿತ್ತಾಳೆಯ ಪಟ್ಟಿ. ಒಂದರ ಪಟ್ಟಿ ಸವೆದು ಒಂದು ಕಡೆ ಕೂದಲೆಳೆಯಷ್ಟು ಬಿರಿದಿದೆ. ಇನ್ನೊಂದರ ತಳದಲ್ಲಿ ಚಾಕುವಿನಿಂದ ಕೆತ್ತಿದ ಗುಣಾಕಾರದ ಗುರುತಿದೆ. ಅದೇ ದೊಡ್ಡದು, ಆದರೆ ಪಕ್ಕದಲ್ಲಿ ಇಟ್ಟು ನೋಡದೆ ಹೇಳುವುದು ಕಷ್ಟ.

ಜಾನಪದ ಆಸಕ್ತ

ಕೊಳಗದ ಗಾತ್ರ ಊರಿಂದ ಊರಿಗೆ ಬೇರೆಯಾಗಿತ್ತು, ಸೇರಿನ ಅಳತೆಯೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಮೆಟ್ರಿಕ್ ಪದ್ಧತಿ ಬಂದದ್ದೇ 1956ರ ಕಾಯ್ದೆಯ ನಂತರ. ಆದ್ದರಿಂದ ಮನೆಯಲ್ಲಿ ಎರಡು ಗಾತ್ರದ ಕೊಳಗಗಳಿದ್ದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸುವುದು ಅನ್ಯಾಯ. ಬೇರೆ ಊರಿನ ವ್ಯವಹಾರಕ್ಕೆ ಬೇರೆ ಕೊಳಗ ಇಟ್ಟುಕೊಂಡಿರಬಹುದು.

ಪುತ್ತೂರಿನವಳು

ಆದರೆ ಗೇಣಿ ಕೊಡುವವನು ತನಗೆ ಬೇಕಾದ ಕೊಳಗದಲ್ಲಿ ಅಳೆಯಿರಿ ಎಂದು ಹೇಳುವ ಹಾಗಿತ್ತೇ? ಅದನ್ನೂ ಕೇಳಬೇಕಲ್ಲ.

ಹಳೆಯ ಶಿರಸ್ತೇದಾರ

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿ ಹತ್ತು ಖಂಡುಗವಾದರೆ ಇನ್ನೂರು ಕೊಳಗ. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚಾದರೆ ವರ್ಷಕ್ಕೆ ನೂರು ಸೇರು ಭತ್ತ. ಅದರ ಮೇಲೆ, ಬಾಯಿಯ ಮಟ್ಟಕ್ಕೆ ಕೋಲಿನಿಂದ ಸವರಿ ಅಳೆದರೋ, ಗೋಪುರದ ಹಾಗೆ ರಾಶಿ ಏರಿಸಿ ಅಳೆದರೋ ಎಂಬುದರ ಮೇಲೂ ವ್ಯತ್ಯಾಸ ಬೀಳುತ್ತದೆ. ಕೊಳಗದಲ್ಲಿ ಮೋಸವಿಲ್ಲದೆಯೂ ಅಳೆಯುವ ಕೈಯಲ್ಲಿ ಮೋಸ ಇರಬಹುದಿತ್ತು, ಮತ್ತು ಅಳೆಯುವ ಕೈ ಸಾಮಾನ್ಯವಾಗಿ ಒಡೆಯರದಲ್ಲ, ಅವರ ಕಡೆಯ ಆಳಿನದು.

ಹಿರಿಯ ಸೊಸೆ

ಒಂದು ವಿಷಯ ನನಗೆ ಬಹಳ ಹೊತ್ತಿನಿಂದ ಕಾಡುತ್ತಿದೆ. ಅಜ್ಜನ ಬಗ್ಗೆ ಮಕ್ಕಳನ್ನು ಕೇಳಿದ್ದೀರಿ, ನಮ್ಮನ್ನೆಲ್ಲ ಕೇಳುತ್ತಿದ್ದೀರಿ. ಆ ಗದ್ದೆ ಉತ್ತವರ ಮನೆ ಅದೇ ಊರಿನಲ್ಲಿದೆಯಲ್ಲವೇ? ಅವರನ್ನು ಕೇಳಿದಿರಾ?

ತೋಟದಾಚೆಯವನು

ಇಲ್ಲ. ಕೇಳುವ ಧೈರ್ಯ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅವರ ಮನೆ ನಮ್ಮ ತೋಟದ ಬೇಲಿಯಿಂದ ಕೂಗಳತೆಯಲ್ಲಿದೆ.

ಇತಿಹಾಸದ ಮೇಷ್ಟ್ರು

ಹೋಗಿ. ಹೋಗುವಾಗ ಪುಸ್ತಿಕೆಯ ಮಾತು ಎತ್ತಬೇಡಿ, ಪ್ರಶ್ನೆಗಳ ಪಟ್ಟಿ ಹಿಡಿದು ಕೂರಬೇಡಿ. ನಿಮ್ಮ ಮನೆಯವರ ನೆನಪುಗಳನ್ನು ಮೊದಲೇ ಹೇಳಿಬಿಟ್ಟರೆ ಅವರು ಮರ್ಯಾದೆಗಾಗಿ ಹೌದು ಎಂದುಬಿಡುತ್ತಾರೆ. ಅವರೇ ಹೇಳಲಿ.

ತೋಟದಾಚೆಯವನು

ಹದಿನೇಳು ದಿನಗಳ ನಂತರ ಬರೆಯುತ್ತಿದ್ದೇನೆ. ಬರಹ ಉದ್ದವಾಗುತ್ತದೆ, ದಯವಿಟ್ಟು ಓದಿ.

ಮೊದಲು ಕಡತದ ನಕಲು ಸಿಕ್ಕಿತು. ಗೇಣಿದಾರರು ಅರ್ಜಿ ಹಾಕಿದ್ದು ಮೂರು ಸರ್ವೆ ನಂಬರುಗಳಿಗೆ. ಮೂರನೆಯದೊಂದಿದೆ ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದವರು ಹೇಳಿರಲಿಲ್ಲ. ಮೊದಲ ಎರಡಕ್ಕೆ ಅಜ್ಜನ ಹೇಳಿಕೆ ಎರಡೇ ಸಾಲು: ಅರ್ಜಿದಾರರು ನನ್ನ ತಂದೆಯ ಕಾಲದಿಂದ ಗೇಣಿಗೆ ಮಾಡುತ್ತಿದ್ದಾರೆ, ನನ್ನ ಆಕ್ಷೇಪಣೆ ಇಲ್ಲ. ಕೆಳಗೆ ಅಜ್ಜನ ಸಹಿ, ಕೊನೆಯ ಅಕ್ಷರದ ಬಾಲವನ್ನು ಬಲಕ್ಕೆ ಎಳೆದು ಬಿಡುವ ಅದೇ ಸಹಿ. ಮೂರನೆಯ ನಂಬರು ತೋಟಕ್ಕೆ ತಾಗಿದ ಒಂದು ಎಕರೆ ಎಂಟು ಗುಂಟೆ ಗದ್ದೆ. ಅದರ ಬಗ್ಗೆ ಅರ್ಜಿದಾರರು ಇಲ್ಲಿ ಕೂಲಿಗಾಗಿ ಮಾತ್ರ ಕೆಲಸ ಮಾಡಿದ್ದಾರೆ ಎಂಬ ಹೇಳಿಕೆಯಿದೆ. ಮಂಡಳಿ ಆ ನಂಬರಿನ ಮಟ್ಟಿಗೆ ಅರ್ಜಿಯನ್ನು ವಜಾ ಮಾಡಿದೆ. ಆ ಗದ್ದೆ ಈಗ ಅಡಿಕೆ ತೋಟ. ನನ್ನ ಇಂಜಿನಿಯರಿಂಗ್ ಓದಿನ ನಾಲ್ಕು ವರ್ಷದ ಶುಲ್ಕ ಅದರ ಫಸಲಿನಿಂದ ಬಂದದ್ದು.

ಆ ಕಾಗದ ಹಿಡಿದುಕೊಂಡು ಅವರ ಮನೆಗೆ ಹೋಗಲಾರೆ ಎನ್ನಿಸಿ, ದೊಡ್ಡ ಕೊಳಗವನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೋದೆ. ಗೇಣಿದಾರರ ಸೊಸೆ ಈಗಲೂ ಇದ್ದಾರೆ, ಎಂಬತ್ತು ದಾಟಿದೆ. ಅಜ್ಜಿ ನನ್ನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ನಮ್ಮ ತಂದೆಯ ಹೆಸರು ಹೇಳಿ, ಅವನ ಮಗನೇನೋ ನೀನು, ಎಂದು ಕೇಳಿದರು. 1976ರ ಆ ದಿನವನ್ನು ಕೇಳುವ ಮೊದಲೇ ಅವರೇ ಹೇಳಿದರು. ಅವರ ಮಾವ ಅಂದು ಮಳೆಯಲ್ಲಿ ನೆನೆದು ನಡೆದುಕೊಂಡು ಬಂದರಂತೆ. ನಮ್ಮ ಅಜ್ಜ ಅಕ್ಕಿ ಗಿರಣಿಯವರ ಕಾರಿನಲ್ಲಿ ಬಂದರಂತೆ. ಬಸ್ಸಿನ ಮಾತನ್ನು ಅವರು ಕೇಳಿಯೇ ಇಲ್ಲ. ಮೂರನೆಯ ಗದ್ದೆಯ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಅವರೇ ಬೇಲಿಯ ಕಡೆ ಕೈ ತೋರಿಸಿ, ಅದೂ ನಮ್ಮದೇ ಆಗಬೇಕಿತ್ತು, ಆದರೆ ಕೂಲಿ ಎಂದು ಬರೆಸಿದ್ದು ನಿಮ್ಮ ಅಜ್ಜನಲ್ಲ, ಅವರ ತಮ್ಮ, ಎಂದರು. ಕಾಗದದ ಮೇಲೆ ಅಜ್ಜನದೇ ಸಹಿಯಿದೆ. ಅದನ್ನು ಅವರಿಗೆ ಹೇಳಬೇಕಿತ್ತೇನೋ, ನನ್ನಿಂದ ಆಗಲಿಲ್ಲ.

ಆಮೇಲೆ ಕೊಳಗವನ್ನು ಬಿಚ್ಚಿಟ್ಟೆ. ಅವರು ಅದರ ತಳ ತಿರುಗಿಸಿ ಗುರುತು ನೋಡಿ ಒಳಗೆ ಹೋದರು, ತಮ್ಮ ಮನೆಯ ಕೊಳಗವನ್ನೂ ಒಂದು ಮೊರವನ್ನೂ ತಂದರು. ಗೇಣಿ ಅಳೆಯಲು ಹೋಗುವ ಮೊದಲು ಅವರ ಮಾವ ಮನೆಯಲ್ಲಿ ಇದರಲ್ಲೇ ಅಳೆದು ಎಣಿಸಿಕೊಳ್ಳುತ್ತಿದ್ದರಂತೆ, ನಮ್ಮ ಅಂಗಳದಲ್ಲಿ ಅಳೆದಾಗ ಯಾವಾಗಲೂ ಲೆಕ್ಕ ಕಡಿಮೆ ಬೀಳುತ್ತಿತ್ತಂತೆ. ಅಜ್ಜಿ ನಮ್ಮ ಕೊಳಗಕ್ಕೆ ಭತ್ತ ತುಂಬಿ ಅಂಗೈಯಿಂದ ಸವರಿದರು, ಮೊರದ ಮೇಲಿಟ್ಟ ತಮ್ಮ ಕೊಳಗಕ್ಕೆ ನಿಧಾನವಾಗಿ ಸುರಿದರು. ಅವರದು ತುಂಬಿತು. ಉಳಿದದ್ದು ಮೊರದ ಮೇಲೆ ಚೆಲ್ಲಿ ಸಣ್ಣ ರಾಶಿಯಾಯಿತು, ಎರಡು ಬೊಗಸೆಯಷ್ಟು ಇದ್ದೀತು. ಅಜ್ಜಿ ಬಹಳ ಹೊತ್ತು ಅದನ್ನೇ ನೋಡಿ, ಇಷ್ಟೇನಾ, ನಾವು ಇನ್ನೂ ಬಹಳ ಇರುತ್ತದೆ ಅಂದುಕೊಂಡಿದ್ದೆವು, ಎಂದರು.

ಪುತ್ತೂರಿನವಳು

ಓದಿ ಮಾತು ಹೊರಡುತ್ತಿಲ್ಲ. ಎರಡು ಬೊಗಸೆ ಎನ್ನುವುದು ಸಣ್ಣದಲ್ಲ, ಇನ್ನೂರು ಸಲ ಎರಡು ಬೊಗಸೆ ಎಂದರೆ ಒಂದು ಮನೆಯ ಮಳೆಗಾಲದ ಊಟ.

ಜಾನಪದ ಆಸಕ್ತ

ನಾನು ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಷ್ಟಾದರೂ ಆ ಕೊಳಗ ಅಜ್ಜನ ಕಾಲದ್ದೋ ಅವರ ತಂದೆಯ ಕಾಲದ್ದೋ ಎಂಬುದು ತೀರ್ಮಾನವಾಗಿಲ್ಲ. ಮಗನ ಹೆಸರಿಗೆ ತಂದೆಯ ಕೊಳಗವನ್ನು ಅಂಟಿಸಬಾರದು.

ದೂರದೂರಿನ ಕನ್ನಡಿಗ

ನಿಮ್ಮ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದಿರಾ? ಎಪ್ಪತ್ತೆಂಟರ ವಯಸ್ಸಿನಲ್ಲಿ ತಂದೆಯ ಬಗ್ಗೆ ಇದನ್ನು ಕೇಳುವುದು ಎಷ್ಟು ಕಷ್ಟವೆಂದು ಯೋಚಿಸಿದ್ದೀರಾ?

ತೋಟದಾಚೆಯವನು

ಹೇಳಿದೆ. ಕಡತದ ನಕಲನ್ನು ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಎರಡು ನಂಬರುಗಳ ಹೇಳಿಕೆಯನ್ನು ಎರಡು ಸಲ ಓದಿ, ನೋಡಿದೆಯಾ, ಆಕ್ಷೇಪಣೆ ಇಲ್ಲ ಎಂದಿದ್ದಾರೆ, ಎಂದರು. ಮೂರನೆಯದನ್ನು ಓದಿ ಕಾಗದವನ್ನು ಮಡಚಿ ಕೊಟ್ಟರು. ಮರುದಿನ ಬೆಳಿಗ್ಗೆ ಕರೆದು, ಬರೆ, ಎಲ್ಲವನ್ನೂ ಬರೆ, ಆದರೆ ನನಗೆ ಅಪ್ಪ ಹೇಳಿದ್ದನ್ನೂ ತೆಗೆಯಬೇಡ, ಎಂದರು. ಅತ್ತೆಗೆ ಫೋನ್ ಮಾಡಿ ಅವರೇ ಮಾತನಾಡಿದ್ದಾರೆ. ಏನು ಮಾತನಾಡಿದರೋ ಇಬ್ಬರೂ ಹೇಳುತ್ತಿಲ್ಲ.

ಈಗ ನೊಂದಿರುವವರು ಚಿಕ್ಕಪ್ಪ. ತಾನು ಆ ಬಸ್ಸಿನಲ್ಲಿದ್ದೆ, ಕಿಟಕಿಯ ಪರದೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಗೇಣಿದಾರರು ಸೊಂಟದ ಚೀಲದಿಂದ ಚಿಲ್ಲರೆ ಎಣಿಸಿ ಕೊಟ್ಟರು, ಇದನ್ನೆಲ್ಲ ತಾನು ಎಲ್ಲಿಂದ ತಂದೆ, ಎಂದು ಕೇಳುತ್ತಾರೆ.

ಇತಿಹಾಸದ ಮೇಷ್ಟ್ರು

ವಿಚಾರಣೆ ಒಂದೇ ದಿನ ಮುಗಿಯಿತೆಂದು ಏಕೆ ಭಾವಿಸುತ್ತೀರಿ? ಕಡತದಲ್ಲಿ ಎಷ್ಟು ತಾರೀಖುಗಳಿವೆ ನೋಡಿ. ಒಂದು ಸಲ ಬಸ್ಸಿನಲ್ಲಿ, ಇನ್ನೊಂದು ಸಲ ಕಾರಿನಲ್ಲಿ ಬಂದಿರಬಹುದು. ಮೂರನೆಯ ನಂಬರಿನ ಹೇಳಿಕೆಗೆ ಮೊದಲು ಅಕ್ಕಪಕ್ಕ ಕುಳಿತವರು ಆಮೇಲೆ ಹಾಗೆ ಕುಳಿತಿರಲಿಕ್ಕಿಲ್ಲ.

ತೋಟದಾಚೆಯವನು

ಈಗ ತೆಗೆದು ನೋಡಿದೆ. ಎರಡು ತಾರೀಖುಗಳಿವೆ, ಐದು ವಾರಗಳ ಅಂತರ. ಎರಡೂ ಹೇಳಿಕೆಗಳು ಬೇರೆ ಬೇರೆ ದಿನದವು. ಚಿಕ್ಕಪ್ಪನಿಗೆ ಒಂದೇ ಸಲ ಹೋದ ನೆನಪಿದೆ. ಅದು ಮೊದಲನೆಯದು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಆದರೆ ನಾಳೆ ಅವರಿಗೆ ಈ ತಾರೀಖುಗಳನ್ನು ತೋರಿಸುತ್ತೇನೆ. ಪುಸ್ತಿಕೆಯಲ್ಲಿ ನಾಲ್ವರ ಮಾತನ್ನೂ ಅವರವರ ಮಾತಾಗಿಯೇ, ಆಗ ಯಾರು ಎಲ್ಲಿದ್ದರು, ಎಷ್ಟು ವಯಸ್ಸು ಎಂಬುದನ್ನು ಸೇರಿಸಿ ಬರೆಯುತ್ತೇನೆ. ನಾಲ್ಕನೆಯದಕ್ಕೆ ಅಜ್ಜಿಯ ಒಪ್ಪಿಗೆ ಕೇಳಬೇಕು. ಕೇಳುವಾಗ ಸಹಿಯ ವಿಷಯವನ್ನೂ ಹೇಳಲೇಬೇಕು.

ಹಿರಿಯ ಸೊಸೆ

ಮೊರದ ಮೇಲೆ ಉಳಿದ ಭತ್ತವನ್ನು ಅಜ್ಜಿ ಏನು ಮಾಡಿದರು?

ತೋಟದಾಚೆಯವನು

ಕೊಳಗದಲ್ಲಿದ್ದುದನ್ನು ತಮ್ಮ ಮೂಟೆಗೆ ಸುರಿದುಕೊಂಡರು. ಮೊರದ ಮೇಲಿದ್ದುದನ್ನು ಅಂಗಳಕ್ಕೆ ತಂದು ಕೋಳಿಗಳಿಗೆ ಎರಚಿದರು.